ಕಿರುಬೆರಳ ರುಚಿ

ಜನವರಿ 11

ಪ್ರೀತಿಯ ಇರುವೆ,

ಬನ್ನಿನ ಡಬ್ಬಿಯಲ್ಲಿ ಬೆಣ್ಣೆ ಕಾಗದದ ಕೆಳಗೆ ಪತ್ರ ಕಂಡು ನಗಬೇಡ. ಫೋನಿನಲ್ಲಿ ‘ಊಟ ಆಯ್ತಾ’, ‘ಆಯ್ತು’ ಎಂದ ಮೇಲೆ ನಾವಿಬ್ಬರೂ ಸುಮ್ಮನಾಗುತ್ತೇವೆ. ಮೊದಲೂ ಸುಮ್ಮನಾಗುತ್ತಿದ್ದೆವು. ಆದರೆ ಅಷ್ಟರಲ್ಲಿ ನಿಮ್ಮಪ್ಪ ನನ್ನ ಕೈಯಿಂದ ಫೋನು ಕಿತ್ತುಕೊಂಡು ‘ಏನೇ ಇರುವೆ, ಹಾಸ್ಟೆಲ್ ಸಕ್ಕರೆ ಡಬ್ಬ ಖಾಲಿ ಮಾಡಿದ್ಯಾ?’ ಎಂದು ಶುರುಮಾಡುತ್ತಿದ್ದರು. ಈಗ ಕಿತ್ತುಕೊಳ್ಳುವವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಏಳನೇ ತರಗತಿಗೆ ನಿಂತುಹೋದ ಅಕ್ಷರ, ತಪ್ಪಿದ್ದರೆ ತಿದ್ದಿಕೊಂಡು ಓದು.

ಮಧ್ಯಾಹ್ನ ಭಟ್ಟಿ ತಣ್ಣಗಾಗುವ ಹೊತ್ತಿಗೆ ನನಗೆ ಬಿಡುವು. ಆ ಹೊತ್ತಿನಲ್ಲಿ ಅವರು ಹಿಟ್ಟಿನ ಚೀಲಗಳ ಮೇಲೆ ಕಾಲು ಚಾಚಿ ಮಲಗುತ್ತಿದ್ದರಲ್ಲ, ಅಲ್ಲಿ ಈಗ ಪಕ್ಕದ ಮನೆಯ ಬೆಕ್ಕು ಬಂದು ಮಲಗುತ್ತದೆ. ಓಡಿಸಿಲ್ಲ. ಯಾರಾದರೂ ಮಲಗಲಿ.

ಭಾನುವಾರ ನಿನ್ನ ಸೋದರತ್ತೆ ಬಂದಿದ್ದರು. ತಮ್ಮನನ್ನು ನೆನೆದು ಅತ್ತರು, ಕಾಫಿ ಕುಡಿದರು, ಆಮೇಲೆ ಅಂಗಡಿಯ ಗೋಡೆಗಳನ್ನು ಮೇಲಿಂದ ಕೆಳಗೆ ನೋಡತೊಡಗಿದರು. ‘ಒಬ್ಬಳೇ ಎಷ್ಟು ದಿನ ಅಂತ ಬೆಂಕಿ ಮುಂದೆ ನಿಲ್ತೀಯಾ? ನಮ್ಮ ಹುಡುಗ ಇಲ್ಲಿ ಮೊಬೈಲ್ ಅಂಗಡಿ ಇಡ್ತಾನೆ. ನಿನಗೂ ತಿಂಗಳು ತಿಂಗಳು ಬಾಡಿಗೆ ಬರುತ್ತೆ’ ಎಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ‘ಜೂನ್‌ವರೆಗೆ ನಡೆಸಿ ನೋಡ್ತೀನಿ ಅತ್ತಿಗೆ. ಆಗಲಿಲ್ಲ ಅಂದ್ರೆ ಬೀಗದ ಕೈ ನಿಮಗೇ ಕೊಡ್ತೀನಿ’ ಎಂದೆ. ಅವರು ತಲೆಯಾಡಿಸಿದರು. ಆಗುವುದಿಲ್ಲ ಎಂಬ ನಂಬಿಕೆ ಅವರಿಗೆ ಇದೆ.

ನಿಜ ಹೇಳಬೇಕೆಂದರೆ ವ್ಯಾಪಾರ ಇಳಿದಿದೆ. ಅವರು ಹೋದ ಹೊಸತರಲ್ಲಿ ಬೀದಿಯವರೆಲ್ಲ ಬಂದು ಕೊಂಡರು. ಅದು ಬನ್ನಿಗಾಗಿ ಅಲ್ಲ, ನನ್ನ ಮುಖ ನೋಡುವುದಕ್ಕೆ. ಈಗ ಮುಖ ನೋಡಿ ಆಯಿತು. ಸಂಜೆ ಟ್ರೇಗಳಲ್ಲಿ ಬನ್ನು ಉಳಿಯುತ್ತದೆ.

ಆದರೆ ಬನ್ನು ಮಾತ್ರ ನಿಮ್ಮಪ್ಪನ ಬನ್ನೇ. ಸಕ್ಕರೆ ಮಗ್ಗಿನ ತುಂಬ, ಮೇಲೆ ನನ್ನ ಕೈಯಲ್ಲಿ ಎರಡು ಹಿಡಿ. ಅವರು ಕೊನೆಯ ಸಲ ಭಟ್ಟಿಯ ಮುಂದೆ ನಿಂತಾಗ ಹೇಳಿದ ಅಳತೆ. ಒಂದು ಕಾಳು ಕಡಿಮೆ ಮಾಡಿಲ್ಲ, ಮಾಡುವುದೂ ಇಲ್ಲ.

ಡಬ್ಬಿ ತರುವ ಬಸ್ಸಿನ ಕಂಡಕ್ಟರಣ್ಣನಿಗೆ ಬೇರೆ ಬನ್ನು ಕೊಟ್ಟಿದ್ದೇನೆ, ನಿನ್ನ ಡಬ್ಬಿಗೆ ಕೈ ಹಾಕಲಾರ.

ನಿನ್ನ ಅಮ್ಮ


ಜನವರಿ 20

ಅಮ್ಮಾ,

ನಿನ್ನ ಪತ್ರದ ಮೇಲೆ ಬೆಣ್ಣೆಯ ಕಲೆ ಇತ್ತು. ಮೂಸಿ ನೋಡಿದೆ. ನಮ್ಮ ಅಂಗಡಿಯ ವಾಸನೆ ಹಾಗೇ ಇದೆ. ಅಕ್ಷರದಲ್ಲಿ ತಪ್ಪೇನೂ ಇಲ್ಲ. ನನ್ನದಕ್ಕಿಂತ ದುಂಡಗಿದೆ.

ಒಂದು ತಮಾಷೆ ಕೇಳು. ನಮ್ಮ ಮೇಡಂ ಒಬ್ಬೊಬ್ಬರಿಗೂ ಒಂದೊಂದು ಸಮೀಕ್ಷೆ ಹಂಚಿದರು. ನನಗೆ ಬಂದದ್ದು: ಕಾಲೇಜಿನ ಹುಡುಗ ಹುಡುಗಿಯರು ಸಿಹಿಗೆ ಏನನ್ನು ಬಳಸುತ್ತಾರೆ, ಎಷ್ಟು, ಯಾಕೆ. ‘ಇರುವೆಯನ್ನ ಸಕ್ಕರೆ ಕಾಯೋಕೆ ಕೂರಿಸಿದಾರೆ’ ಎಂದು ರೂಮಿನವರೆಲ್ಲ ಬಿದ್ದು ಬಿದ್ದು ನಕ್ಕರು.

ಮೊದಲು ಸಿಕ್ಕಿದವಳು ನನ್ನ ಪಕ್ಕದ ಮಂಚದವಳು. ಅವಳನ್ನು ನಾವು ಮಾತ್ರೆ ಎಂದು ಕರೆಯುತ್ತೇವೆ. ಪರ್ಸಿನಿಂದ ಸಣ್ಣ ಡಬ್ಬಿ ತೆಗೆದು ಚಹಾಕ್ಕೆ ಸಕ್ಕರೆಯ ಬದಲು ಟಿಕ್ ಟಿಕ್ ಎಂದು ಎರಡು ಬಿಳಿ ಮಾತ್ರೆ ಉದುರಿಸುತ್ತಾಳೆ. ‘ನಾನು ಸಕ್ಕರೆ ಮುಟ್ಟಿ ವರ್ಷ ಆಯ್ತಪ್ಪ’ ಎಂದು ಬರೆಸಿದಳು. ಅದೇ ಮಧ್ಯಾಹ್ನ ದೊಡ್ಡ ಬಾಟಲಿ ಕೂಲ್‌ಡ್ರಿಂಕ್ ಕುಡಿಯುತ್ತಿದ್ದಳು. ‘ಇದೇನೇ?’ ಎಂದರೆ ‘ಇದು ಡ್ರಿಂಕ್ ಕಣೇ, ಸಕ್ಕರೆ ಅಲ್ಲ!’ ಎಂದಳು. ನಾನು ಹಾಗೇ ಬರೆದುಕೊಂಡೆ.

ಇನ್ನೊಬ್ಬ ನಮ್ಮ ತರಗತಿಯವನು, ಹೆಸರೇ ಎರಡೂವರೆ. ಯಾವ ಚಹಾಕ್ಕಾದರೂ ಎರಡೂವರೆ ಚಮಚ. ಆ ಅರ್ಧ ಯಾಕೋ ಎಂದು ಕೇಳಿದೆ. ‘ಎರಡು ಸಾಲಲ್ಲ. ಮೂರು ಹಾಕಿದ್ರೆ ಜನ ನೋಡ್ತಾರೆ’ ಎಂದ. ಜಿಮ್ಮಿಗೆ ಹೋಗುವವರು ಜೇನು ಎನ್ನುತ್ತಾರೆ, ಕೆಲವರು ಬೆಲ್ಲ ಎನ್ನುತ್ತಾರೆ, ಪರೀಕ್ಷೆ ಹತ್ತಿರ ಬಂದರೆ ಎಲ್ಲರೂ ಸಿಕ್ಕಿದ್ದು ಎನ್ನುತ್ತಾರೆ. ಎಷ್ಟು ಚಮಚ ಎಂದು ಕೇಳಿದರೆ ಹೆಚ್ಚಿನವರ ಉತ್ತರ ‘ಮನೇಲಿ ಹಾಕೋವಷ್ಟು’. ಹಾಗಾಗಿ ನಾನೇ ಒಂದು ಪ್ರಶ್ನೆ ಸೇರಿಸಿದ್ದೇನೆ: ನಿಮ್ಮ ಮನೆಯಲ್ಲಿ ಸಿಹಿ ಎಷ್ಟಿರಬೇಕು ಎಂದು ಹೇಳುವವರು ಯಾರು? ನೀನೂ ಉತ್ತರ ಬರೆ.

ಈಗ ಮುಖ್ಯ ವಿಷಯ. ನಮ್ಮ ಕ್ಯಾಂಟೀನಿಗೆ ಬನ್ನು ಕೊಡುತ್ತಿದ್ದವರು ಊರು ಬಿಟ್ಟು ಹೋಗುತ್ತಿದ್ದಾರೆ. ಜೂನ್‌ನಿಂದ ಬೇರೆಯವರು ಬೇಕು. ಫೆಬ್ರವರಿಯಲ್ಲಿ ಮೂರು ನಾಲ್ಕು ಬೇಕರಿಯವರಿಂದ ತರಿಸಿ, ಹುಡುಗರಿಗೆ ತಿನ್ನಿಸಿ, ಯಾರದು ಎಂದು ಮ್ಯಾನೇಜರ್ ಆರಿಸುತ್ತಾರೆ. ಇಡೀ ಕಾಲೇಜು ಅಮ್ಮ, ದಿನಾ ಬೆಳಿಗ್ಗೆ! ನಮ್ಮದೂ ಕಳಿಸೋಣವೇ?

ನಿನ್ನ ಇರುವೆ


ಫೆಬ್ರವರಿ 3

ಇರುವೆ,

ಕಳಿಸೋಣವೇ ಎಂದು ಕೇಳುವುದೇನು? ದಿನ ಯಾವುದು ಎಂದು ಮಾತ್ರ ಹೇಳು. ಆ ಬೆಳಿಗ್ಗೆಯೇ ತೆಗೆದ ಬನ್ನು ಮೊದಲ ಬಸ್ಸಿಗೆ ಹತ್ತುತ್ತದೆ. ನಿಮ್ಮಪ್ಪನ ಬನ್ನು ತಿಂದು ಬೇಡ ಎಂದವರನ್ನು ನಾನು ನೋಡಿಲ್ಲ. ಕ್ಯಾಂಟೀನು ಸಿಕ್ಕಿದರೆ ಅಂಗಡಿ ಉಳಿಯಿತು. ಅತ್ತಿಗೆಯ ಹುಡುಗ ಮೊಬೈಲು ಬೇರೆಲ್ಲಾದರೂ ಮಾರಲಿ.

ನಿನ್ನ ಪ್ರಶ್ನೆಗೆ ಉತ್ತರ: ನಮ್ಮ ಮನೆಯಲ್ಲಿ ನಿಮ್ಮಪ್ಪ. ನಿನಗೆ ಗೊತ್ತೇ ಇದೆ, ಆದರೂ ಬರೆಯುತ್ತೇನೆ, ಬರೆದರೆ ಎದುರಿಗೆ ನಿಂತ ಹಾಗಾಗುತ್ತದೆ. ಹಾಲಿನಲ್ಲಿ ಸಕ್ಕರೆ ಕರಗಿಸಿ ಹಿಟ್ಟಿಗೆ ಸುರಿಯುವ ಮೊದಲು ನಮ್ಮ ಭಟ್ಟಿಯಣ್ಣ ಪಾತ್ರೆಯನ್ನು ಅವರ ಮುಂದೆ ಹಿಡಿದು ‘ಸಾಕಾ?’ ಎನ್ನಬೇಕು. ಅವರು ಕಿರುಬೆರಳು ಅದ್ದಿ, ನಾಲಿಗೆಗೆ ಇಟ್ಟು, ಒಂದು ಕಣ್ಣು ಮುಚ್ಚಿ, ‘ಸಾಕು’ ಎನ್ನಬೇಕು. ಇಲ್ಲವೇ ‘ಸಾಲದು’. ಸಾಲದು ಎಂದರೆ ನಾನು ಇನ್ನೊಂದು ಹಿಡಿ ಹಾಕಬೇಕು. ಮದುವೆಯಾದ ಹೊಸತರಲ್ಲಿ ನಾನೂ ಒಮ್ಮೆ ಬೆರಳು ಅದ್ದಲು ಹೋಗಿದ್ದೆ. ‘ಇಬ್ಬರು ರುಚಿ ನೋಡಿದ್ರೆ ಮೂರು ರುಚಿ ಬರುತ್ತೆ, ಕೈ ತೆಗಿ’ ಎಂದು ನಕ್ಕಿದ್ದರು. ಅಂದು ತೆಗೆದ ಕೈ, ಮತ್ತೆ ಅದ್ದಿಲ್ಲ. ಬನ್ನನ್ನೂ ನಾನು ತಿನ್ನುವುದಿಲ್ಲ. ಇಡೀ ದಿನ ಅದರ ವಾಸನೆಯಲ್ಲಿ ನಿಂತವಳಿಗೆ ಖಾರ ಏನಾದರೂ ಇದ್ದರೆ ಸಾಕು.

ಗಂಟಲಿಗೆ ಚಿಕಿತ್ಸೆ ಮಾಡಿಸಿಕೊಂಡು ಬಂದಾಗಲೂ ಮನೆಯಲ್ಲಿ ಕೂರಲಿಲ್ಲವಲ್ಲ ಆ ಮನುಷ್ಯ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬಂದು ಬೆರಳು ಅದ್ದಿದರು.

ಭಟ್ಟಿಯಣ್ಣ ಈಗಲೂ ಅಭ್ಯಾಸಬಲದಿಂದ ಪಾತ್ರೆ ಹಿಡಿದು ‘ಸಾಕಾ?’ ಎಂದು ಕೇಳಿಬಿಡುತ್ತಾನೆ. ನಾನು ಹಿಟ್ಟಿನ ಚೀಲಗಳ ಕಡೆ ತಿರುಗುತ್ತೇನೆ. ಆಮೇಲೆ ಸುರಿಯುತ್ತೇವೆ.

ಅಮ್ಮ


ಫೆಬ್ರವರಿ 25

ಅಮ್ಮಾ,

ನಿನಗೆ ಸುಳ್ಳು ಹೇಳಿದರೆ ಗೊತ್ತಾಗುತ್ತದೆ, ಅದಕ್ಕೆ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಾಲ್ಕು ಬೇಕರಿಯ ಬನ್ನುಗಳನ್ನು ನಾಲ್ಕು ತಟ್ಟೆಯಲ್ಲಿ ಇಟ್ಟಿದ್ದರು. ಹೆಸರು ಹಾಕಿರಲಿಲ್ಲ. ನಮ್ಮದನ್ನು ಎಲ್ಲರೂ ಮೊದಲು ಎತ್ತಿಕೊಂಡರು, ನೋಡಲು ಅಷ್ಟು ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ಅರ್ಧಂಬರ್ಧ ಉಳಿದದ್ದೂ ನಮ್ಮದೇ. ಮಾತ್ರೆ ಒಂದು ಸಲ ಕಚ್ಚಿ ಇಟ್ಟಳು. ಹೋಗಲಿ ಎಂದರೆ ಎರಡೂವರೆಯೂ ಪೂರ್ತಿ ಮಾಡಲಿಲ್ಲ. ಯಾರ ಬನ್ನು ಎಂದು ತಿಳಿಯದೆ ನನ್ನ ಕಡೆ ತಿರುಗಿ ‘ಇದಕ್ಕಿಂತ ಸಕ್ಕರೆ ಚೀಲಕ್ಕೇ ಬಾಯಿ ಹಾಕಬಹುದಿತ್ತು’ ಎಂದ. ನಾನು ನಕ್ಕೆ. ನಗಬಾರದಿತ್ತು.

ಮ್ಯಾನೇಜರ್ ಒಳ್ಳೆಯವರು. ಪಕ್ಕಕ್ಕೆ ಕರೆದು, ‘ಮೆತ್ತಗಿದೆ, ಹಾಲಿನ ಪರಿಮಳ ಇದೆ, ಇಂಥ ಕೈ ಕೆಲಸ ಈಗ ಎಲ್ಲಿ ಸಿಗುತ್ತೆ? ಆದ್ರೆ ಒಂದು ತುತ್ತಿಗೆ ಒಂದು ಲೋಟ ನೀರು ಬೇಕಲ್ಲಮ್ಮ. ಮನೇಲಿ ಹೇಳಿ ನೋಡು. ಏಪ್ರಿಲ್‌ನಲ್ಲಿ ಇನ್ನೊಂದ್ಸಲ ತಿನ್ನಿಸಿ ಆಮೇಲೆ ಯಾರು ಅಂತ ಗಟ್ಟಿ ಮಾಡ್ತೀನಿ’ ಎಂದರು.

ಅಮ್ಮ, ಮಗ್ಗಿನ ಮೇಲೆ ಹಾಕುವ ಆ ಎರಡು ಹಿಡಿ ಬಿಟ್ಟು ಒಮ್ಮೆ ಮಾಡಿ ನೋಡಬಹುದಾ? ಒಂದೇ ಒಂದು ಟ್ರೇ. ಬೇಜಾರು ಮಾಡಿಕೊಳ್ಳಬೇಡ.

ಇರುವೆ


ಮಾರ್ಚ್ 4

ಇರುವೆ,

ಬೇಜಾರಿಲ್ಲ. ಆದರೆ ಆಗುವುದಿಲ್ಲ.

ಕೂಲ್‌ಡ್ರಿಂಕಿನಲ್ಲಿ ಸಕ್ಕರೆ ಇಲ್ಲ ಎನ್ನುವ ನಾಲಿಗೆಗಳು ನಿಮ್ಮಪ್ಪನ ನಾಲಿಗೆಗೆ ತಪ್ಪು ಹುಡುಕುತ್ತಿವೆಯೇ? ಹುಡುಕಲಿ. ಅಳತೆ ಅವರದು. ಅವರು ಹೇಳಿದ ಎರಡು ಹಿಡಿಯಲ್ಲಿ ನಾನು ಒಂದನ್ನು ತೆಗೆದರೆ ನಾಳೆ ಇನ್ನೊಂದನ್ನು ತೆಗೆಯುತ್ತೇನೆ. ಆಮೇಲೆ ಆ ಅಂಗಡಿಯಲ್ಲಿ ಅವರದು ಅಂತ ಏನು ಉಳಿಯುತ್ತದೆ? ಬೋರ್ಡು ಒಂದೇ.

ನಿನಗೆ ಒಂದು ವಿಷಯ ಹೇಳಿಲ್ಲ. ಹೋದ ವರ್ಷದ ಜನವರಿ. ನೀನು ರಜೆಗೆ ಬಂದವಳು ಅಡುಗೆಮನೆಯ ಡಬ್ಬಗಳನ್ನೆಲ್ಲ ತೊಳೆದು, ಉಪ್ಪು ಸಕ್ಕರೆ ಅದಲುಬದಲು ತುಂಬಿಸಿ ಹೋಗಿದ್ದೆ. ಮಾರನೆಯ ದಿನ ನಾನು ನೋಡದೆ ಚಹಾಕ್ಕೆ ಉಪ್ಪು ಹಾಕಿಬಿಟ್ಟೆ. ಒಂದಲ್ಲ, ಎರಡು ಚಮಚ. ಅವರ ಲೋಟ ಅವರಿಗೆ ಕೊಟ್ಟು ನಾನು ಹಾಲಿನವನ ಜೊತೆ ಮಾತಿಗೆ ನಿಂತೆ. ತಿರುಗಿ ಬರುವಷ್ಟರಲ್ಲಿ ಅವರು ಪೂರ್ತಿ ಕುಡಿದು ಲೋಟ ಕೆಳಗಿಟ್ಟಿದ್ದರು. ನಾನು ನನ್ನದನ್ನು ಬಾಯಿಗಿಟ್ಟು ಥೂ ಎಂದು ಅಲ್ಲೇ ಉಗಿದೆ. ‘ಅಯ್ಯೋ, ಉಪ್ಪು ಕಣ್ರೀ! ಅಷ್ಟೂ ಕುಡಿದ್ರಲ್ಲ, ಒಂದು ಮಾತು ಹೇಳಬಾರದಾ?’ ಎಂದೆ. ಅವರು ಒಂದು ಕ್ಷಣ ಖಾಲಿ ಲೋಟದ ಕಡೆ ನೋಡಿದರು. ಆಮೇಲೆ ಜೋರಾಗಿ ನಕ್ಕು, ‘ನೀನು ಕೊಟ್ಟಿದ್ದಲ್ವಾ? ಉಪ್ಪಾದ್ರೇನು, ಸಿಹಿಯಾದ್ರೇನು’ ಎಂದರು.

ಇಷ್ಟು ವರ್ಷದಲ್ಲಿ ಆ ಮನುಷ್ಯ ಅಂಥ ಮಾತು ಆಡಿದವರಲ್ಲ. ‘ಊಟ ಚೆನ್ನಾಗಿದೆ’ ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ನನಗೆ ನಾಚಿಕೆಯಾಗಿ ಹಿಟ್ಟು ಜರಡಿ ಹಿಡಿಯುವ ನೆಪ ಮಾಡಿ ಒಳಗೆ ಹೋದೆ. ಅವರು ಹೋದ ಮೇಲೆ ನಾನು ಎದ್ದು ಭಟ್ಟಿ ಹಚ್ಚುತ್ತಿರುವುದು ಆ ಒಂದು ಮಾತಿನ ಬಲದಿಂದ. ನನಗಾಗಿ ಉಪ್ಪನ್ನು ನುಂಗಿದವರು, ಬನ್ನಿನ ವಿಷಯಕ್ಕೆ ಬಂದರೆ ಒಂದು ಚಿಟಿಕೆಯನ್ನೂ ಬಿಟ್ಟುಕೊಡುತ್ತಿರಲಿಲ್ಲ. ಅಂಥವರ ಅಳತೆಯನ್ನು ನಾನು ತಿದ್ದಲೇ?

ಕ್ಯಾಂಟೀನು ಸಿಗದಿದ್ದರೆ ಬೇರೆ ದಾರಿ ಹುಡುಕುತ್ತೇನೆ. ನೀನು ಓದಿನ ಕಡೆ ನೋಡು.

ಅಮ್ಮ


ಮಾರ್ಚ್ 21

ಅಮ್ಮಾ,

ಸರಿ. ನಿನ್ನ ಇಷ್ಟದಂತೆ ಮಾಡು.

ಪರೀಕ್ಷೆ ಹತ್ತಿರ ಬಂತು, ಅದಕ್ಕೇ ತಡ. ಸಮೀಕ್ಷೆ ನಡೆಯುತ್ತಿದೆ. ಈಗ ಮೂರು ಲೋಟದಲ್ಲಿ ಚಹಾ ಇಟ್ಟು, ಯಾವುದಕ್ಕೆ ಏನು ಹಾಕಿದೆ ಎಂದು ಹೇಳದೆ ಕುಡಿಸುತ್ತಿದ್ದೇನೆ. ಒಂದರಲ್ಲಿ ಸಕ್ಕರೆ, ಒಂದರಲ್ಲಿ ಬೆಲ್ಲ, ಒಂದರಲ್ಲಿ ಮಾತ್ರೆ. ನಮ್ಮ ಮಾತ್ರೆ ಎಷ್ಟು ಸಲ ಕುಡಿಸಿದರೂ ಸಕ್ಕರೆಯ ಲೋಟವನ್ನೇ ಚೆನ್ನಾಗಿದೆ ಎಂದಳು. ತಿಳಿಸಿದಾಗ ಅವಳಿಗೆ ಸಿಟ್ಟು ಬಂತು. ಎರಡು ದಿನ ಮಾತಾಡಲಿಲ್ಲ. ಬಾಯಲ್ಲಿ ಹೇಳುವುದನ್ನು ನಾಲಿಗೆಯನ್ನು ಕೇಳಿ ನೋಡಬಾರದು ಅನ್ನಿಸುತ್ತದೆ ಒಮ್ಮೊಮ್ಮೆ.

ಉಪ್ಪಿನ ಚಹಾದ ವಿಷಯ ಓದಿದೆ. ಅದನ್ನು ಜೋಪಾನವಾಗಿ ಇಟ್ಟುಕೋ ಅಮ್ಮ. ಅದು ನಿನ್ನದು.

ಇರುವೆ


ಮಾರ್ಚ್ 30

ಇರುವೆ,

ನಿನ್ನ ಪತ್ರ ಒಂದೇ ಪುಟ. ಡಬ್ಬ ಅದಲುಬದಲು ಮಾಡಿದವಳು ನೀನು ಎಂದು ಬರೆದಿದ್ದೆ, ಅದಕ್ಕೆ ನೀನು ಜಗಳವಾಡಲೇ ಇಲ್ಲ. ಚಿಕ್ಕವಳಿದ್ದಾಗ ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು ‘ನಾನು ತಿಂದಿಲ್ಲ’ ಎಂದು ವಾದ ಮಾಡಿದವಳು ನೀನು. ಹೊಟ್ಟೆನೋವೋ, ಮನಸ್ಸಿನ ನೋವೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಇನ್ನೊಂದು ನಡೆಯಿತು.

ಸೋಮವಾರ ಉಳಿದ ಬನ್ನುಗಳನ್ನು ಎದುರಿನ ಚಹಾದಂಗಡಿಯಲ್ಲಿ ಇಟ್ಟು ಮಾರಿಸೋಣ ಎಂದು ಟ್ರೇ ಹಿಡಿದು ರಸ್ತೆ ದಾಟಿದೆ. ಇಷ್ಟು ವರ್ಷ ಎದುರುಬದುರು ಇದ್ದೂ ನಾನು ಅಲ್ಲಿ ಒಳಗೆ ನಿಂತದ್ದಿಲ್ಲ. ನೋಡಿದರೆ ಒಲೆಯ ಮೇಲೆ ಎರಡು ಕೆಟಲು. ಬೆಂಚಿನ ಮೇಲೆ ಕೂತು ನಮ್ಮ ಬನ್ನಿನ ಪೊಟ್ಟಣ ಬಿಚ್ಚುತ್ತಿದ್ದವರಿಗೆ ಚಹಾದಣ್ಣ ಎಡಗಡೆಯ ಕೆಟಲಿನಿಂದ ಬಗ್ಗಿಸಿದ. ಪಕ್ಕದಲ್ಲಿ ಸುಮ್ಮನೆ ಕೂತವರಿಗೆ ಬಲಗಡೆಯದು.

‘ಇದ್ಯಾಕಣ್ಣ ಎರಡು? ಸಕ್ಕರೆ ಕಾಯಿಲೆಯವರು ಇಷ್ಟೊಂದು ಆದ್ರಾ ನಮ್ಮ ಬೀದೀಲಿ?’ ಎಂದೆ.

‘ಕಾಯಿಲೆ ಏನಿಲ್ಲ ತಂಗಿ, ಇದು ಬನ್ನಿನ ಕೆಟಲು. ನಿಮ್ಮ ಬನ್ ತರೋವ್ರಿಗೆ ಸಪ್ಪೆ ಟೀ. ಅದ್ದಿ ತಿಂದ್ರೆ ಎರಡೂ ಸೇರಿ ಸರಿಹೋಗುತ್ತೆ’ ಎಂದ.

‘ಯಾವಾಗಿಂದ?’

‘ಎರಡು ವರ್ಷ ಆಯ್ತಲ್ಲ. ನಿನಗೆ ಗೊತ್ತಿಲ್ವಾ?’

‘ಒಬ್ರಾದ್ರೂ ಬಂದು ಹೇಳಬಾರದಾ?’

‘ಅವನ ಬನ್ನಿಗೆ ಹೆಸರಿಡೋರು ಯಾರು? ಇವತ್ತು ಕೈ ತಪ್ಪಿದೆ, ನಾಳೆ ಸರಿಹೋಗುತ್ತೆ ಅಂತ ಎಲ್ರೂ ಕಾದ್ರು. ಆಮೇಲೆ ಅಭ್ಯಾಸ ಆಯ್ತು. ನಾನಂತೂ ನನ್ನ ಸಕ್ಕರೆ ಉಳೀತು ಅಂತ ಸುಮ್ಮನಾದೆ, ಸುಳ್ಳು ಯಾಕೆ ಹೇಳ್ಲಿ’ ಎಂದು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ.

ಟ್ರೇಯನ್ನು ಅಲ್ಲೇ ಬಿಟ್ಟು ಬಂದೆ. ಬಂದು ಹಿಟ್ಟಿನ ಚೀಲದ ಮೇಲೆ ಕೂತೆ, ಬೆಕ್ಕನ್ನು ಸರಿಸಿ. ಎರಡು ವರ್ಷದಿಂದ ನಮ್ಮ ಹಿಟ್ಟು ತಡವಾಗಿ ಉಬ್ಬುತ್ತಿತ್ತು. ಸಕ್ಕರೆ ಹೆಚ್ಚಾದರೆ ಹಾಗೆ ಆಗುತ್ತದೆ ಎಂದು ನನಗೆ ಗೊತ್ತು, ಭಟ್ಟಿಯಣ್ಣನಿಗೂ ಗೊತ್ತು. ಆದರೆ ನಾವು ಯೀಸ್ಟ್ ಕೊಡುವವನನ್ನು ಬೈದೆವು. ಬನ್ನಿನ ನೆತ್ತಿ ಬೇಗ ಕಪ್ಪಾಗುತ್ತಿತ್ತು. ಸೌದೆಯನ್ನು ಬೈದೆವು. ಯೀಸ್ಟಿನವನನ್ನೂ ಬದಲಿಸಿದೆವು, ಸೌದೆಯನ್ನೂ ಬದಲಿಸಿದೆವು. ಅವರ ಬೆರಳಿನ ಕಡೆ ಮಾತ್ರ ಇಬ್ಬರೂ ನೋಡಲಿಲ್ಲ.

ಎರಡು ವರ್ಷ ಎಂದರೆ ಗಂಟಲಿನ ಚಿಕಿತ್ಸೆ ಆದಾಗಿನಿಂದ. ನಾಲಿಗೆ ಕೆಲವು ತಿಂಗಳು ಮಂಕಾಗಬಹುದು, ಕೆಲವರಿಗೆ ಹಾಗೇ ಉಳಿಯಲೂಬಹುದು ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು. ‘ನನಗೆ ಹದಿನೈದೇ ದಿನಕ್ಕೆ ಸರಿಹೋಯ್ತು ನೋಡು’ ಎಂದು ಇವರು ಅಂದಾಗ ನಾನು ನಂಬಿದೆ.

ನಿಮ್ಮಪ್ಪ ನಿನಗೆ ಏನಾದರೂ ಹೇಳಿದ್ದರೇ? ಹೌದು ಎಂದೋ ಇಲ್ಲ ಎಂದೋ ಬರೆ. ಸಮಾಧಾನ ಮಾಡುವುದು ಬೇಡ.

ಅಮ್ಮ


ಏಪ್ರಿಲ್ 4

ಅಮ್ಮಾ,

ಹೌದು.

ಹೋದ ವರ್ಷ ಜೂನ್‌ನಲ್ಲಿ ರಜೆ ಮುಗಿಸಿ ಹೊರಟಾಗ ನನ್ನನ್ನು ಹಾಸ್ಟೆಲಿಗೆ ಬಿಡಲು ಅಪ್ಪ ಬಂದಿದ್ದರಲ್ಲ, ಆ ದಿನ. ಬಸ್ ನಿಲ್ದಾಣದಲ್ಲಿ ಟ್ರಂಕಿನ ಮೇಲೆ ಕೂತು ಇಬ್ಬರೂ ನಮ್ಮ ಬನ್ನು ತಿಂದೆವು. ‘ಹೇಗಿದೆ?’ ಎಂದು ಕೇಳಿದರು. ‘ಸಿಹಿ ಜಾಸ್ತಿ ಅಪ್ಪ, ಈಚೆಗೆ ಯಾವಾಗ್ಲೂ ಜಾಸ್ತಿ’ ಎಂದೆ. ಅವರು ಅಗಿಯುವುದನ್ನು ನಿಲ್ಲಿಸಿದರು. ‘ಎಷ್ಟು ಜಾಸ್ತಿ? ಸರಿಯಾಗಿ ಹೇಳು’ ಎಂದರು. ಆಗ ನನಗೆ ಹೊಳೆಯಿತು.

‘ಮರದ ಚೂರು ಅಗಿದ ಹಾಗೆ ಕಣೇ. ಸಿಹಿ ಇಲ್ಲ, ಉಪ್ಪಿಲ್ಲ, ಖಾರ ಒಂದು ಉರಿಯುತ್ತೆ’ ಎಂದರು. ಮತ್ತೆ ‘ಸಾಲದು’ ಅಂತ ಹೇಗೆ ಹೇಳ್ತೀರಿ ಎಂದು ಕೇಳಿದೆ. ‘ಕಡಿಮೆಯಾದ್ರೆ ಗಿರಾಕಿ ಬಂದು ಜಗಳ ಆಡ್ತಾನೆ. ಹೆಚ್ಚಾದ್ರೆ ತಿಂದ್ಕೊಂಡು ಹೋಗ್ತಾನೆ. ಅದಕ್ಕೇ ಅನುಮಾನ ಬಂದಾಗೆಲ್ಲ ಸಾಲದು ಅಂತೀನಿ.’ ಅಮ್ಮನಿಗೆ ರುಚಿ ನೋಡಲು ಹೇಳಿ ಎಂದೆ. ‘ಅವಳಿಗೆ ಗೊತ್ತಾದ್ರೆ ಕಾಯಿಲೆ ಹೋಗಿಲ್ಲ ಅಂತ ಹೆದರ್ತಾಳೆ. ನನ್ನನ್ನ ಮನೇಲಿ ಮಲಗಿಸಿ ತಾನೊಬ್ಬಳೇ ಬೆಂಕಿ ಮುಂದೆ ನಿಲ್ತಾಳೆ. ನಿಂತಿರೋವಷ್ಟು ದಿನ ಇಬ್ಬರೂ ನಿಲ್ತೀವಿ ಬಿಡು’ ಎಂದರು. ತಮ್ಮ ಕೈ ಮೇಲೆ ನನ್ನ ಕೈ ಇಡಿಸಿಕೊಂಡು, ನಿನಗೆ ಹೇಳಬಾರದೆಂದು ಮಾತು ತೆಗೆದುಕೊಂಡರು. ಬಸ್ಸು ಬಂತು.

ನಿನ್ನ ಉಪ್ಪಿನ ಚಹಾದ ಪತ್ರ ಬಂದಾಗ, ಆ ಎರಡು ಹಿಡಿಯ ಬಗ್ಗೆ ನಿಜ ಬರೆದರೆ ಆ ಚಹಾವೂ ನಿನ್ನ ಕೈಯಿಂದ ಹೋಗುತ್ತದೆ ಅನ್ನಿಸಿತು. ಅಂಗಡಿ ಹೋದರೆ ಹೋಗಲಿ, ಅದೊಂದು ಇರಲಿ ಎಂದುಕೊಂಡೆ. ಡಬ್ಬ ಅದಲುಬದಲು ಮಾಡಿದ್ದು ನಾನೇ. ಮಾಡದೇ ಇದ್ದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೆ.

ಎರಡನೆಯ ಸಲ ಬನ್ನು ತಿನ್ನಿಸುವುದು 18ಕ್ಕೆ. ನೀನು ಕಳಿಸಲೇಬೇಕು ಎಂದು ನಾನು ಹೇಳುವುದಿಲ್ಲ.

ಇರುವೆ


ಏಪ್ರಿಲ್ 18

ಇರುವೆ,

ದೊಡ್ಡ ಡಬ್ಬ ಕ್ಯಾಂಟೀನಿಗೆ. ಚಿಕ್ಕದು ನಿನಗೆ. ಮೊದಲು ನೀನು ತಿನ್ನು, ಆಮೇಲೆ ದೊಡ್ಡದನ್ನು ಬಿಚ್ಚಲಿ. ಬಸ್ಸಿಗೆ ಹೊತ್ತಾಯಿತು, ಉಳಿದದ್ದು ಇನ್ನೊಮ್ಮೆ ಬರೆಯುತ್ತೇನೆ.

ಅಮ್ಮ


ಮೇ 2

ಪ್ರೀತಿಯ ಇರುವೆ,

ನಿನ್ನ ಪತ್ರ ಬಂತು. ‘ತಟ್ಟೆ ಖಾಲಿ’ ಎಂದು ಒಂದೇ ಪುಟದಲ್ಲಿ ಮೂರು ಕಡೆ ಬರೆದಿದ್ದೀಯ. ಆ ಎರಡೂವರೆ ಹುಡುಗ ಮೂರು ಬನ್ನು ತಿಂದನೇ? ಹಾಗಾದರೆ ಅವನಿಗೆ ಹೆಸರು ಬದಲಿಸಿ. ಮಾತ್ರೆ ಇನ್ನೊಂದು ಕೇಳಿದಳು ಎಂದು ಓದಿ ಆ ಹುಡುಗಿಯ ಮೇಲಿದ್ದ ನನ್ನ ಸಿಟ್ಟೂ ಹೋಯಿತು. ಜೂನ್ ಒಂದರಿಂದ ದಿನಾ ಕಳಿಸುತ್ತೇನೆ ಎಂದು ಮ್ಯಾನೇಜರಿಗೆ ಹೇಳು. ಭಟ್ಟಿಗೆ ಇನ್ನೊಂದು ಆಳು ನೋಡಿದ್ದೇನೆ. ಅತ್ತಿಗೆಗೂ ಹೇಳಿಕಳಿಸಿದೆ. ಬಂದರು, ಸ್ವಲ್ಪ ಹೊತ್ತು ಗೋಡೆ ನೋಡಿದರು, ‘ಸರಿ, ಹೋಗುವಾಗ ನಾಲ್ಕು ಬನ್ ಕಟ್ಟಿಕೊಡು’ ಎಂದರು. ಆರು ಕಟ್ಟಿಕೊಟ್ಟೆ.

ಈಗ ನನ್ನ ಮಾತು ಕೇಳು.

ನಿನ್ನ ‘ಹೌದು’ ಬಂದ ಮೇಲೆ ಎರಡು ದಿನ ನಾನು ಭಟ್ಟಿ ಹಚ್ಚಲಿಲ್ಲ. ಅವರ ಮೇಲೆ ಸಿಟ್ಟು ಬಂತು, ಸತ್ತವರ ಮೇಲೆ ಬರಬಾರದಷ್ಟು ಸಿಟ್ಟು. ಮನೆಯಲ್ಲಿ ಕೂತು ಒಂದು ಲೋಟ ಚಹಾ ಮಾಡಿದೆ. ಬೇಕೆಂದೇ ಎರಡು ಚಮಚ ಉಪ್ಪು ಹಾಕಿದೆ. ಒಂದು ಗುಟುಕು ಕುಡಿಯಲು ಆಗಲಿಲ್ಲ ಇರುವೆ. ಆ ಲೋಟ ಹಿಡಿದುಕೊಂಡು ಕೂತಾಗ ನನಗೆ ನಾನೇ ನಿನಗೆ ಬರೆದ ಒಂದು ಸಾಲು ನೆನಪಾಯಿತು. ನಾನು ಉಪ್ಪು ಎಂದು ಕೂಗಿದಾಗ ಅವರು ಒಂದು ಕ್ಷಣ ಖಾಲಿ ಲೋಟದ ಕಡೆ ನೋಡಿದರು ಎಂದು.

ಆ ಒಂದು ಕ್ಷಣದಲ್ಲಿ ಅವರಿಗೆ ಗೊತ್ತಾಗಿರಬೇಕು, ತನ್ನ ನಾಲಿಗೆ ಇಷ್ಟು ಹೋಗಿದೆ ಎಂದು. ಸಿಹಿಗೂ ಉಪ್ಪಿಗೂ ವ್ಯತ್ಯಾಸ ಇಲ್ಲದಷ್ಟು. ನಾನಾಗಿದ್ದರೆ ಅಲ್ಲೇ ಕುಸಿದು ಕೂರುತ್ತಿದ್ದೆ. ಅವರು ತಲೆಯೆತ್ತಿ ನನ್ನ ಮುಖ ನೋಡಿ ನಕ್ಕರು. ನಕ್ಕು, ಜನ್ಮದಲ್ಲಿ ಆಡದ ಒಂದು ಮಾತು ಆಡಿ ನನ್ನನ್ನು ನಾಚಿಸಿ ಒಳಗೆ ಕಳಿಸಿದರು. ನಾನು ಜರಡಿ ಹಿಡಿದು ಒಳಗೆ ನಗುತ್ತಿದ್ದಾಗ ಅವರು ಹೊರಗೆ ಆ ಲೋಟದ ಮುಂದೆ ಒಬ್ಬರೇ ಕೂತಿದ್ದರು.

ಅವರು ಉಪ್ಪು ಕುಡಿದದ್ದು ನನಗಾಗಿ ಅಲ್ಲ, ಸರಿ. ಆದರೆ ನಕ್ಕದ್ದು ನನಗಾಗಿಯೇ. ಆದ್ದರಿಂದ ನಿನ್ನಿಂದ ನನಗೆ ಏನೂ ಹೋಗಲಿಲ್ಲ. ನನ್ನ ಹತ್ತಿರ ಇದ್ದದ್ದಕ್ಕಿಂತ ಹೆಚ್ಚಿನದನ್ನು ಕೊಟ್ಟಿದ್ದೀಯ. ಇನ್ನು ಡಬ್ಬದ ವಿಷಯ ಎತ್ತಬೇಡ. ಆದರೆ ರಜೆಗೆ ಬಂದಾಗ ಅಡುಗೆಮನೆಗೆ ಕೈ ಹಾಕಬೇಡ.

ಮೂರನೆಯ ದಿನ ಎದ್ದು ಭಟ್ಟಿ ಹಚ್ಚಿಸಿದೆ. ಸಕ್ಕರೆ ಮಗ್ಗಿನ ಕಂಠದವರೆಗೆ ಮಾತ್ರ ಹಾಕಿ, ಹಾಲಿನಲ್ಲಿ ಕರಗಿಸಿದೆ. ಭಟ್ಟಿಯಣ್ಣ ಪಾತ್ರೆ ಹಿಡಿದು, ಎಂದಿನಂತೆ ಗಾಳಿಯನ್ನು ಕೇಳಿದ, ‘ಸಾಕಾ?’

ನಾನು ಕಿರುಬೆರಳು ಅದ್ದಿದೆ. ಹಾಲು ಇಷ್ಟು ಬೆಚ್ಚಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಾಲಿಗೆಗೆ ಇಟ್ಟುಕೊಂಡೆ. ಮೊದಲು ಹಾಲು ಬಂತು, ಆಮೇಲೆ ಸಿಹಿ ಬಂತು, ಬಂದು ಅಲ್ಲೇ ನಿಂತಿತು. ಮೇಲೆ ಬೀಳಲಿಲ್ಲ.

‘ಸಾಕು’ ಎಂದೆ.

‘ಹಾಂ?’ ಎಂದ ಅವನು. ನಾನು ಕೈ ಅದ್ದಿದ್ದನ್ನು ನೋಡಿ ಅವನ ಗಮನ ಎಲ್ಲೋ ಹೋಗಿತ್ತು.

‘ಸಾಕು ಅಂದೆ. ಸುರಿ.’

ಹಿಟ್ಟು ಹೇಗೆ ಉಬ್ಬಿತು ಗೊತ್ತೇ? ತೊಟ್ಟಿಯ ಮೇಲೆ ಹೊದಿಸಿದ ಬಟ್ಟೆಯನ್ನು ತಳ್ಳಿಕೊಂಡು ಬಂತು. ‘ಅಕ್ಕಾ, ಆ ಹಳೇ ಯೀಸ್ಟಿನವನನ್ನ ಸುಮ್ಮಸುಮ್ಮನೆ ಬೈದ್ವಲ್ಲ’ ಎಂದ ಭಟ್ಟಿಯಣ್ಣ. ಇಬ್ಬರೂ ನಕ್ಕೆವು. ಆ ಅಂಗಡಿಯಲ್ಲಿ ಎಷ್ಟೋ ದಿನದ ಮೇಲೆ ನಕ್ಕದ್ದು. ಭಟ್ಟಿಯಿಂದ ತೆಗೆದ ಮೊದಲ ಬನ್ನನ್ನು ನಿಂತಲ್ಲೇ ಪೂರ್ತಿ ತಿಂದೆ. ಚಿಕಿತ್ಸೆಗೆ ಮೊದಲು ನಿಮ್ಮಪ್ಪ ಮಾಡುತ್ತಿದ್ದ ಬನ್ನು ಹೀಗೇ ಇತ್ತೇ? ನನಗೆ ತಿಳಿಯದು, ಆಗ ನಾನು ತಿಂದಿರಲಿಲ್ಲ. ಇದು ಈಗ ನಾನು ಮಾಡಿದ್ದು. ಚೆನ್ನಾಗಿದೆ.

ಬಾಗಿಲು ತೆಗೆದು ಟ್ರೇಗಳನ್ನು ಹೊರಗಿಟ್ಟೆ. ಬೀದಿಯವರು ಎಂದಿನಂತೆ ಕೊಂಡು ಎದುರಿನ ಬೆಂಚಿಗೆ ಹೋದರು. ನಾನು ಯಾರಿಗೂ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ರಸ್ತೆಯ ಆಚೆಯಿಂದ ಚಹಾದಣ್ಣನ ಕೂಗು.

‘ಏನ್ ತಂಗಿ, ಬೆಳಿಗ್ಗೆಯಿಂದ ಒಬ್ಬೊಬ್ರೂ ಸಕ್ಕರೆ ಹಾಕು, ಸಕ್ಕರೆ ಹಾಕು ಅಂತಿದಾರೆ! ನನ್ನ ಡಬ್ಬ ಖಾಲಿ ಮಾಡಿಸ್ಬೇಕು ಅಂತಾನಾ?’

‘ಹೌದಣ್ಣ! ಎರಡು ವರ್ಷ ನಮ್ಮ ಸಕ್ಕರೇಲಿ ವ್ಯಾಪಾರ ಮಾಡಿದ್ಯಲ್ಲ, ಇನ್ನು ನಿನ್ನ ಸಕ್ಕರೆ ನೀನೇ ಹಾಕು!’ ಎಂದೆ.

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ದನಿ ರಸ್ತೆಯ ಆಚೆಗೆ ಮುಟ್ಟುತ್ತದೆ ಎಂದು ನನಗೂ ಅಂದೇ ಗೊತ್ತಾದದ್ದು.

ಮಧ್ಯಾಹ್ನ ಭಟ್ಟಿ ತಣ್ಣಗಾದ ಮೇಲೆ ಬಾಗಿಲಿಗೆ ಬಂದು ನೋಡಿದೆ. ಬನ್ನಿನ ಕೆಟಲನ್ನು ತೊಳೆದು ಬಿಸಿಲಿನಲ್ಲಿ ಬೋರಲು ಹಾಕಿದ್ದ.

ನಿನ್ನ ಅಮ್ಮ